ಕಪ್ಪೆ ಸ್ಟಾರ್ಟ್ ಆಗುತ್ತಿಲ್ಲ

ಮನೆಯಿಂದ,
ಭಾನುವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಸೊಂಟ ನೋವು ಕಡಿಮೆಯಾಯಿತೇ? ಡಾಕ್ಟರು ಹೇಳಿದಂತೆ ದಿನಾ ಬೆಳಿಗ್ಗೆ ನಡೆಯುತ್ತಿದ್ದೀಯೋ, ಇಲ್ಲ ಶೂ ಕೊಂಡದ್ದಷ್ಟೇ ಬಂತೋ? ನಿನ್ನನ್ನು ಬಲ್ಲ ನನಗೆ ಶೂ ಇನ್ನೂ ಡಬ್ಬಿಯಲ್ಲೇ ಇದೆ ಅನ್ನಿಸುತ್ತದೆ. ಅತ್ತಿಗೆಯ ಕೆಮ್ಮು ನಿಂತಿರಬೇಕು. ಬಟಾಣಿಯ ಮುಂದಿನ ಹಲ್ಲು ಬಂತೇ? ಹೋದ ಸಲ ಫೋನಿನಲ್ಲಿ ಮಾತಾಡಿದಾಗ ಅವಳ ‘ಸ’ ಎಲ್ಲ ಬರೀ ಗಾಳಿಯಾಗಿತ್ತು. ‘ಅತ್ತೆ, ತಾತ ಕಪ್ಪೇಲೇ ಬರ್ತಾರಲ್ವಾ, ಬಸ್ಸಲ್ಲಿ ಬರಲ್ಲ ತಾನೆ?’ ಎಂದು ಮತ್ತೆ ಮತ್ತೆ ಕೇಳಿದಳು. ಇಲ್ಲಿ ನಾವೆಲ್ಲ ಕ್ಷೇಮ ಅಂತ ಬರೆಯುವುದು ವಾಡಿಕೆ. ಊಟ, ನಿದ್ದೆ, ಅಂಗಡಿ ಎಲ್ಲ ನಡೆದಿದೆ. ಆದರೂ ಆ ಒಂದು ಸಾಲು ಬರೆಯಲು ಈ ಸಲ ನನಗೆ ಕೈ ಬರುತ್ತಿಲ್ಲ.

ಫೋನಿನಲ್ಲೇ ಹೇಳಬಹುದಿತ್ತಲ್ಲ ಅನ್ನುತ್ತೀಯ. ನಮ್ಮ ಮನೆಯಲ್ಲಿ ಫೋನು ಎತ್ತಿದರೆ ಗೋಡೆಗೂ ಕಿವಿ ಬರುತ್ತದೆ. ಅಪ್ಪ ಪಕ್ಕದಲ್ಲೇ ಬಂದು ಕೂತು, ನೀನು ಏನು ಹೇಳಿದೆ ಎಂದು ನನ್ನ ಮುಖ ನೋಡುತ್ತಿರುತ್ತಾರೆ. ಅದೂ ಅಲ್ಲದೆ ಬಾಯಲ್ಲಿ ಹೇಳಹೊರಟರೆ ನಾನು ಅತ್ತುಬಿಡುತ್ತೇನೆ, ನೀನು ಗಾಬರಿಯಾಗಿ ರಜೆ ಹಾಕಿ ಓಡಿ ಬರುತ್ತೀಯ. ಅದಕ್ಕೇ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು, ವೈರು ಸುತ್ತಿಡುವ ಮೇಜಿನ ಮೇಲೆ ಜಾಗ ಮಾಡಿಕೊಂಡು ಬರೆಯುತ್ತಿದ್ದೇನೆ. ಹಾಳೆಯ ಮೇಲೆ ಗ್ರೀಸಿನ ಬೆರಳು ಕಂಡರೆ ಮೂಗು ಮುರಿಯಬೇಡ.

ನಮ್ಮ ಕಪ್ಪೆ ಕಾರಿನ ವಿಷಯ ನಿನಗೆ ಅರ್ಧ ಗೊತ್ತು. ಬಟಾಣಿಗೆ ರಜೆ ಶುರುವಾದ ಕೂಡಲೇ ತಾವೇ ನಿಮ್ಮಲ್ಲಿಗೆ ಕಾರು ಓಡಿಸಿಕೊಂಡು ಬಂದು ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಬರುತ್ತೇನೆಂದು ಅಪ್ಪ ಮಾತು ಕೊಟ್ಟ ಮೇಲೆ ಮನೆಯಲ್ಲಿ ಬೇರೆ ಮಾತೇ ಇಲ್ಲ. ಎರಡೇ ಸೀಟಿನ, ನೆಲಕ್ಕೆ ಅಂಟಿಕೊಂಡಂತಿರುವ ಆ ಹಸಿರು ಕಾರನ್ನು ಈ ವಯಸ್ಸಿನಲ್ಲೂ ಅವರು ಹುಡುಗನ ಹಾಗೆ ಒರೆಸುತ್ತಾರೆ. ಟೈರು ಬದಲಾಯಿಸಿದರು, ಬಟ್ಟೆಯ ಚಾವಣಿಗೆ ಹೊಲಿಗೆ ಹಾಕಿಸಿದರು, ಬಟಾಣಿಗೆ ರಸ್ತೆ ಕಾಣಲಿ ಎಂದು ಪಕ್ಕದ ಸೀಟಿಗೆ ದಪ್ಪ ದಿಂಬು ಮಾಡಿಸಿದರು. ಅದೆಲ್ಲ ಮುಗಿದ ಮೇಲೆ ಒಂದು ಬೆಳಿಗ್ಗೆ ಕೀ ತಿರುಗಿಸಿದರೆ ಕಪ್ಪೆ ಮುಷ್ಕರ ಹೂಡಿತು. ದೀಪ ಹತ್ತುತ್ತದೆ, ವೈಪರ್ ಆಡುತ್ತದೆ, ಹಾರ್ನು ಬೀದಿ ಕಿತ್ತುಹೋಗುವ ಹಾಗೆ ಕೂಗುತ್ತದೆ. ಸೆಲ್ಫ್ ಹೊಡೆದರೆ ಮಾತ್ರ ಒಳಗೆಲ್ಲೋ ಸಣ್ಣಗೆ ಟಕ್ ಅನ್ನುತ್ತದೆ, ಇಂಜಿನ್ ಮಿಸುಕುವುದಿಲ್ಲ.

ಆಟೋ ಎಲೆಕ್ಟ್ರಿಷಿಯನ್ ಮನೆಯಲ್ಲಿ ಹುಟ್ಟಿಯೂ ನೀನು ಸ್ಪ್ಯಾನರ್ ಕಂಡರೆ ಮಾರು ದೂರ ಓಡುತ್ತಿದ್ದವನು, ಅದಕ್ಕೇ ಬಿಡಿಸಿ ಹೇಳುತ್ತೇನೆ. ಮೊದಲು ಬ್ಯಾಟರಿ ಬದಲಾಯಿಸಿ ನೋಡಿದೆ. ಅದೇ ಟಕ್. ಕೀ ಸ್ವಿಚ್ಚು ಬಿಚ್ಚಿದೆ, ರಿಲೇ ಬದಲಾಯಿಸಿದೆ, ಸೆಲ್ಫ್ ಮೋಟಾರಿಗೆ ಹೋಗುವ ವೈರಿಗೆ ಟೆಸ್ಟ್ ಲ್ಯಾಂಪ್ ಹಿಡಿದೆ. ಎಲ್ಲ ಕಡೆ ಕರೆಂಟು ಬರುತ್ತಿದೆ. ಕೊನೆಗೆ ಕಾರಿನ ಕೆಳಗೆ ಮಲಗಿ, ಮೊಣಕೈ ತರಚಿಕೊಂಡು ಸೆಲ್ಫನ್ನೇ ಕೆಳಗಿಳಿಸಿದೆ. ಮೇಜಿನ ಮೇಲಿಟ್ಟು ಬ್ಯಾಟರಿ ಮುಟ್ಟಿಸಿದರೆ ಕೈಯಿಂದ ಹಾರಿಹೋಗುವಷ್ಟು ಜೋರಾಗಿ ತಿರುಗಿತು. ಅಷ್ಟು ಆರ್ಭಟ ಮಾಡಿದ್ದು, ಕಾರಿನೊಳಗೆ ಸೇರಿಸಿದ ಕೂಡಲೇ ಬಾಯಿಗೆ ಬೀಗ ಹಾಕಿಕೊಂಡಿತು. ತಲೆ ಕೆಟ್ಟು ಹೋಯಿತು ಅಣ್ಣಾ. ಊರವರ ಗಾಡಿಗಳನ್ನೆಲ್ಲ ಓಡಿಸುವವಳಿಗೆ ನಮ್ಮ ಮನೆಯ ಗಾಡಿ ಬಗ್ಗಲಿಲ್ಲ ಎಂದರೆ ಮುಖ ಎಲ್ಲಿಟ್ಟುಕೊಳ್ಳಲಿ!

ಇಷ್ಟು ಹೊತ್ತೂ ಅಪ್ಪ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದರು. ‘ಸೆಲ್ಫಿನ ಕಾರ್ಬನ್ ನೋಡು’, ‘ಆ ಸ್ವಿಚ್ಚು ಇನ್ನೊಂದ್ಸಲ ಬಿಚ್ಚು’ ಎನ್ನುತ್ತಿದ್ದರು. ಹೇಳಿದ್ದೆಲ್ಲ ಮಾಡಿದೆ. ಈಗ ಯೋಚಿಸಿದರೆ, ಅವರ ಬಾಯಿಂದ ಸದಾ ಬರುವ ಒಂದು ಮಾತು ಆ ದಿನಗಳಲ್ಲಿ ಬರಲೇ ಇಲ್ಲ. ‘ಅರ್ತ್ ನೋಡಿದ್ಯಾ?’ ಗಾಡಿ ಕೆಟ್ಟರೂ ಅದೇ, ಮಿಕ್ಸಿ ಕೆಟ್ಟರೂ ಅದೇ, ಚಿಕ್ಕಂದಿನಲ್ಲಿ ನಾವು ರಚ್ಚೆ ಹಿಡಿದರೂ ‘ಈ ಮಗೂಗೆ ಅರ್ತ್ ಸರಿ ಇಲ್ಲ’ ಅನ್ನುತ್ತಿದ್ದವರು! ಬ್ಯಾಟರಿಯಿಂದ ಹೊರಟ ಕರೆಂಟು ಕೆಲಸ ಮುಗಿಸಿ ಮತ್ತೆ ಬ್ಯಾಟರಿಗೇ ಬರಬೇಕಲ್ಲ, ಇಂಜಿನ್ನಿನಿಂದ ಕಾರಿನ ಮೈಗೆ ಬಿಗಿದಿರುವ ಹೆಣೆದ ತಾಮ್ರದ ಪಟ್ಟಿಯೇ ಅದರ ವಾಪಸು ದಾರಿ. ಅದೇ ಅರ್ತ್. ಅಪ್ಪ ಕೇಳಲಿಲ್ಲ, ನಾನೂ ನೋಡಲಿಲ್ಲ. ಯಾಕೆಂದರೆ ಆ ಪಟ್ಟಿಯನ್ನು ಈಚೆಗಷ್ಟೇ ನನ್ನ ಕೈಯಾರೆ ಹೊಸದು ಹಾಕಿದ್ದೆ. ಬೋಲ್ಟು ಬಿಗಿಯಾಗಿತ್ತು, ತಾಮ್ರ ಥಳಥಳ ಅನ್ನುತ್ತಿತ್ತು. ನಾನು ಬಿಗಿದದ್ದರ ಮೇಲೆ ನನಗೆ ಎಲ್ಲಿಯ ಅನುಮಾನ!

ನಿನ್ನೆ ಅಪ್ಪ ಕ್ಷೌರಕ್ಕೆ ಹೋಗಿದ್ದರು. ಮೊಮ್ಮಗಳ ಮುಂದೆ ಕರಡಿಯ ಹಾಗೆ ನಿಲ್ಲಬಾರದಂತೆ. ನಾನೊಬ್ಬಳೇ ಇದ್ದೆ. ಸಿಟ್ಟಿನಲ್ಲಿ ಮೇಲಿಂದ ಮೇಲೆ ಸೆಲ್ಫ್ ಹೊಡೆದು, ಇಳಿದು ಬಾನೆಟ್ಟಿನೊಳಗೆ ಕೈ ಹಾಕಿದರೆ ಆಕ್ಸಿಲರೇಟರ್ ಕೇಬಲ್ ಬಿಸಿಯಾಗಿದೆ! ಕಾಲಲ್ಲಿ ಒತ್ತುವ ಕೇಬಲ್ಲಿಗೆ ಬಿಸಿಯಾಗುವ ಕೆಲಸವೇ ಇಲ್ಲ. ಅಲ್ಲಿಗೆ ನನಗೆ ಹೊಳೆಯಿತು. ತನ್ನ ದಾರಿ ಮುಚ್ಚಿದ್ದರಿಂದ ಕರೆಂಟು ಸಿಕ್ಕ ಸಂದಿಯಲ್ಲಿ ನುಸುಳಿಕೊಂಡು ಮನೆ ಸೇರಲು ನೋಡುತ್ತಿದೆ. ಬ್ಯಾಟರಿಯ ನೆಗೆಟಿವ್‌ನಿಂದ ದಪ್ಪ ಕೇಬಲೊಂದನ್ನು ನೇರ ಇಂಜಿನ್ನಿಗೆ ಕಚ್ಚಿಸಿ ಕೀ ತಿರುಗಿಸಿದೆ. ಒಂದೇ ಏಟಿಗೆ ಕಪ್ಪೆ ಎದ್ದು ಕೂತು ಗುರುಗುಟ್ಟಿತು. ನಾನು ಖುಷಿಯಲ್ಲಿ ಕುಣಿದೆ, ಸುಳ್ಳು ಹೇಳುವುದಿಲ್ಲ. ಕಾರು ಆರಿಸಿ ಅರ್ತ್ ಬೋಲ್ಟು ಬಿಚ್ಚಿದೆ. ಪಟ್ಟಿಯ ತುದಿಯ ಉಂಗುರಕ್ಕೆ ಎರಡೂ ಕಡೆ, ಬೋಲ್ಟಿನ ತಲೆಯ ಅಡಿಗೆ, ತಿರುಪಿನ ಸುತ್ತುಗಳಿಗೆ, ಗಾಜಿನಂಥ ಏನೋ ಕರೆಂಟು ದಾಟದಷ್ಟು ದಪ್ಪಗೆ ಬಳಿದಿತ್ತು. ಬೆಳಕಿಗೆ ಹಿಡಿದರೆ ಅದರೊಳಗೆ ಬೆಳ್ಳಿಯ ಚುಕ್ಕಿಗಳು ಮಿನುಗಿದವು.

ಆ ಮಿನುಗು ನಿನಗೂ ಗೊತ್ತು. ಹೋದ ರಜೆಯಲ್ಲಿ ಬಟಾಣಿ ನಮ್ಮೆಲ್ಲರ ಉಗುರಿಗೂ, ಅಪ್ಪನನ್ನೂ ಬಿಡದೆ, ಬಳಿದು ಇಲ್ಲೇ ಬಿಟ್ಟುಹೋದ ನೇಲ್ ಪಾಲಿಶ್. ಆ ಬಾಟಲಿ ಇದ್ದದ್ದು ಅಮ್ಮನ ಕನ್ನಡಿಯ ಮುಂದೆ.

ಅಮ್ಮನನ್ನು ಕರೆಯಬೇಕಾಗಲೇ ಇಲ್ಲ. ಇಂಜಿನ್ ಸದ್ದು ಕೇಳಿ ಅವಳೇ ಬಂದು ಬಾಗಿಲಲ್ಲಿ ನಿಂತಿದ್ದಳು. ನನ್ನ ಕೈಯಲ್ಲಿದ್ದ ಬೋಲ್ಟು ನೋಡಿದಳು. ಬಳಿದದ್ದು ತಾನೇ ಎಂದು ಒಪ್ಪಿಕೊಂಡಳು. ಮರೆಯಬೇಡ, ನಮ್ಮಿಬ್ಬರಿಗಿಂತ ಮೊದಲು ಈ ಅಂಗಡಿಯಲ್ಲಿ ಅಪ್ಪನಿಗೆ ಟೆಸ್ಟ್ ಲ್ಯಾಂಪ್ ಹಿಡಿದವಳು ಅವಳು, ‘ಹೊಡಿ’ ಅಂದಾಗ ಕೀ ತಿರುಗಿಸಿದವಳು ಅವಳು. ಏನನ್ನೂ ಮುರಿಯದೆ ಕಾರನ್ನು ಎಲ್ಲಿ ಕೆಡಿಸಬಹುದು ಎಂದು ಅವಳಿಗೆ ಯಾರೂ ಹೇಳಿಕೊಡಬೇಕಿಲ್ಲ. ವೈರು ಕತ್ತರಿಸಲು ಮನಸ್ಸು ಬರಲಿಲ್ಲವಂತೆ, ಅಪ್ಪ ಅಷ್ಟು ಮುದ್ದಿನಿಂದ ಹಾಕಿದ ವೈರುಗಳು.

ಈಗ ಹೇಳುವುದನ್ನು ಕೂತು ಓದು. ಕೆಲವು ವಾರಗಳ ಹಿಂದೆ ಇಬ್ಬರೂ ಕಪ್ಪೆಯಲ್ಲಿ ಪೇಟೆಗೆ ಹೋಗಿ ಬರುವಾಗ, ಸಿಗ್ನಲ್ಲಿನಲ್ಲಿ ಹಸಿರು ಬಿದ್ದರೂ ಅಪ್ಪ ಹೊರಡಲಿಲ್ಲವಂತೆ. ಹಿಂದಿನವರು ಹಾರ್ನು ಹೊಡೆದು ಹೊಡೆದು ಪಕ್ಕದಿಂದ ಹೋದರಂತೆ. ಅಮ್ಮ ಭುಜ ಅಲುಗಿಸಿದಳಂತೆ. ಕಣ್ಣು ತೆರೆದೇ ಇತ್ತು, ಆದರೆ ಆ ಕಣ್ಣಲ್ಲಿ ಅಪ್ಪ ಇರಲಿಲ್ಲ ಎಂದಳು. ಸ್ವಲ್ಪ ಹೊತ್ತಿಗೆ ಏನೂ ಆಗದವರ ಹಾಗೆ ಗೇರ್ ಹಾಕಿ ಹೊರಟರು. ಅಮ್ಮ ಸುಸ್ತಿರಬೇಕೆಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡಳು. ಆಮೇಲೆ ಇನ್ನೊಂದು ದಿನ ಅದೇ ಆಯಿತು, ಆದರೆ ಈ ಸಲ ಕಾರು ಓಡುತ್ತಿತ್ತು. ಎದುರಿಗೆ ಬಸ್ಸು. ಅಮ್ಮ ಸ್ಟೇರಿಂಗಿಗೆ ಕೈ ಹಾಕಿ ಎಳೆದು ಕಾರನ್ನು ಪಕ್ಕದ ಮಣ್ಣಿಗೆ ಇಳಿಸಿದಳು. ಅಪ್ಪ ಎಚ್ಚೆತ್ತು ‘ಯಾಕೇ ಸ್ಟೇರಿಂಗ್ ಎಳೆದೆ, ತಲೆ ಕೆಟ್ಟಿದೆಯಾ ನಿಂಗೆ?’ ಎಂದು ಅವಳಿಗೇ ರೇಗಿದರಂತೆ. ಅವರಿಗೆ ಏನೂ ನೆನಪಿರಲಿಲ್ಲ. ಅಮ್ಮ ಹೌದು ಎಂದು ಒಪ್ಪಿಕೊಂಡು ಮನೆಗೆ ಬಂದಳು.

ಡಾಕ್ಟರ ಹತ್ತಿರ ಹೋಗೋಣ ಅಂದರೆ ಅಪ್ಪ ಯಾಕೆ ಅಂತ ಕೇಳುತ್ತಾರೆ. ಓಡಿಸಬೇಡಿ ಅಂದರೂ ಯಾಕೆ ಅಂತ ಕೇಳುತ್ತಾರೆ. ‘ಆ ಯಾಕೆಗೆ ನನ್ನ ಬಾಯಲ್ಲಿ ಉತ್ತರ ಬರಲ್ಲ ಕಣೇ. ಆ ದಿಂಬಿನ ಮೇಲೆ ಮಗು ಕೂತಿರೋದು ಕಣ್ಣಿಗೆ ಬರುತ್ತೆ’ ಎಂದಳು. ಅಷ್ಟು ಹೇಳಿ ನೆಲದ ಮೇಲೆ ಬಿದ್ದಿದ್ದ ವಾಶರ್ ಎತ್ತಿ ನನ್ನ ಕೈಗೆ ಕೊಟ್ಟು ಒಳಗೆ ಹೋದಳು. ನನಗೆ ಅವಳ ಮೇಲೆ ಕೋಪವೂ ಬಂತು, ತಬ್ಬಿಕೊಳ್ಳಬೇಕೆಂದೂ ಅನಿಸಿತು, ಎರಡೂ ಮಾಡದೆ ನಿಂತಿದ್ದೆ. ಇಷ್ಟು ದಿನ ಇದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು, ನಾನು ಬಿಚ್ಚುವುದನ್ನೂ ಜೋಡಿಸುವುದನ್ನೂ ನೋಡುತ್ತ ನನಗೆ ಕಾಫಿ ತಂದುಕೊಡುತ್ತಿದ್ದಳಲ್ಲ! ನಾನು ಇನ್ನೂ ಸ್ವಲ್ಪ ದಡ್ಡಿಯಾಗಿದ್ದರೆ ಅವಳಿಗೆ ಎಷ್ಟು ಚೆನ್ನಾಗಿರುತ್ತಿತ್ತು.

ಅಪ್ಪ ಬರುವಷ್ಟರಲ್ಲಿ ಪಟ್ಟಿಯನ್ನು ಬಿಚ್ಚಿಟ್ಟು ಬಾನೆಟ್ ಮುಚ್ಚಿದೆ. ಈಗ ನನ್ನ ಪಾಡು ನುಂಗಲೂ ಆಗದು, ಉಗುಳಲೂ ಆಗದು. ಅದಕ್ಕೇ ನಿನ್ನನ್ನು ಕೇಳಿಕೊಳ್ಳುತ್ತಿದ್ದೇನೆ. ನೀನೇ ಫೋನು ಮಾಡಿ, ಬಟಾಣಿಯನ್ನು ಬಸ್ಸಿನಲ್ಲಿ ನೀನೇ ಕರೆದುಕೊಂಡು ಬರುವುದಾಗಿ, ಅತ್ತಿಗೆಗೂ ನಮ್ಮನ್ನೆಲ್ಲ ನೋಡಬೇಕು ಅನಿಸಿದೆಯೆಂದು ಏನಾದರೂ ನೆಪ ಹೇಳು. ಅಪ್ಪನಿಗೆ ನಿಜ ಗೊತ್ತಾಗುವುದು ಬೇಡ. ನೀನು ಬಂದ ಮೇಲೆ ನಿನ್ನ ಸೊಂಟ ತೋರಿಸುವ ನೆಪದಲ್ಲಿ ಅವರನ್ನೂ ಡಾಕ್ಟರ ಹತ್ತಿರ ಎಳೆದುಕೊಂಡು ಹೋಗೋಣ. ಮೋಸವೇ, ಗೊತ್ತು. ಬೇರೆ ದಾರಿ ನನಗೆ ಕಾಣುತ್ತಿಲ್ಲ.

ಅತ್ತಿಗೆಗೆ ನನ್ನ ನೆನಪು ಹೇಳು. ಬಟಾಣಿಯ ಎರಡೂ ಕೆನ್ನೆಗೆ ಮುತ್ತು. ನಿನ್ನ ಆರೋಗ್ಯ ನೋಡಿಕೋ, ಆ ಶೂ ಡಬ್ಬಿಯಿಂದ ಹೊರಗೆ ತೆಗೆ.

ಇಂತಿ ನಿನ್ನ
ಗ್ರೀಸು ಕೈಯ ತಂಗಿ

ಇನ್ನೊಂದು ಮಾತು: ಲಕೋಟೆಗೆ ಅಂಟು ಹಚ್ಚುವ ಮೊದಲು ಇದನ್ನು ಸೇರಿಸುತ್ತಿದ್ದೇನೆ, ಅವಸರದಲ್ಲಿದ್ದೇನೆ. ಫೋನಿನ ನೆಪ ಬೇಡ. ಈಗ ಅಪ್ಪ ಅಂಗಡಿಗೆ ಬಂದಿದ್ದರು. ಮೇಜಿನ ಮೇಲೆ ಪಟ್ಟಿ ಇತ್ತು, ಮುಚ್ಚಲು ಸಮಯ ಸಿಗಲಿಲ್ಲ. ಅವರು ಅದನ್ನು ನೋಡಿ ಗಾಬರಿಯಾಗಲಿಲ್ಲ. ‘ಕೊನೆಗೂ ಸಿಕ್ತಾ?’ ಅಂದರು. ಮೊದಲನೇ ದಿನವೇ ಅವರು ಆ ಬೋಲ್ಟು ಬಿಚ್ಚಿ, ಪಾಲಿಶ್ ನೋಡಿ, ಹಾಗೇ ವಾಪಸು ಬಿಗಿದಿದ್ದರಂತೆ. ನಡುನಡುವೆ ತಮಗೆ ಸ್ವಲ್ಪ ಹೊತ್ತು ಕಳೆದುಹೋಗುತ್ತದೆ ಎಂದು ಅವರಿಗೂ ಗೊತ್ತಂತೆ ಅಣ್ಣಾ, ಅಮ್ಮ ಎಲ್ಲಿ ಹೆದರುತ್ತಾಳೋ ಎಂದು ಅವರೂ ಹೇಳಿರಲಿಲ್ಲವಂತೆ. ಮತ್ತೆ ನನ್ನನ್ನು ಯಾಕೆ ಇಷ್ಟು ಕುಣಿಸಿದಿರಿ ಎಂದು ಕೇಳಿದೆ. ‘ನೀನು ಹುಡುಕ್ತಾ ಇರೋವರೆಗೂ ಕೆಟ್ಟಿರೋದು ಕಾರು ಅಂತ ಇತ್ತಮ್ಮಾ. ಈಗ ಸಿಕ್ಕಿಬಿಡ್ತು, ಇನ್ನು ಕೆಟ್ಟಿರೋದು ನಾನೇ’ ಅಂದರು. ನಾಳೆ ಡಾಕ್ಟರ ಹತ್ತಿರ ಬರಲು ಒಪ್ಪಿದ್ದಾರೆ, ಅಮ್ಮನಿಗೆ ತಾವೇ ಹೇಳುತ್ತಾರಂತೆ. ಒಂದೇ ಒಂದು ಬೇಡಿಕೆ, ಮಗುವಿಗೆ ಮಾತ್ರ ಕಾರು ಕೆಟ್ಟಿದೆ ಎಂದೇ ಹೇಳಬೇಕಂತೆ. ಪಾಲಿಶ್ ಇದ್ದ ಹಾಗೇ ಪಟ್ಟಿಯನ್ನು ಮತ್ತೆ ಬಿಗಿದು ಬಂದಿದ್ದೇನೆ. ಬಟಾಣಿ ಕೇಳಿದರೆ ಹೇಳು, ಅತ್ತೆ ಎಲ್ಲಾ ಕಡೆ ನೋಡಿದಳು, ಎಷ್ಟು ಹುಡುಕಿದರೂ ಅವಳ ಕೈಯಲ್ಲಿ ಆಗಲಿಲ್ಲ ಅಂತ.