ಬ್ಯಾರನ್ ಕೋಣೆಗೆ ಇಡಿಸಿದ ಕಿಟಕಿ

ಅಪ್ಪ,

ತಲೆ ಸುತ್ತಿ ಬಿದ್ದೆನೆಂದು ಇವತ್ತು ಮೈಸೂರಿಗೆ ಹೋಗಿದ್ದೆ. ಡಾಕ್ಟರು ಇಸಿಜಿ ನೋಡಿ, ಹೃದಯದ ಬಡಿತ ತಪ್ಪುವ ಈ ಕಾಯಿಲೆ ವಂಶದಿಂದ ಬಂದದ್ದು ಎಂದರು. ಗೊರಕೆಯ ನಡುವೆ ಉಸಿರು ಕಟ್ಟಿ ಕಟ್ಟಿ ಬಂದರೆ ಇಂಥ ಹೃದಯ ನಿದ್ದೆಯಲ್ಲೇ ನಿಂತುಬಿಡಬಹುದಂತೆ. "ಮನೆಯಲ್ಲಿ ಯಾರಿಗಾದರೂ ಇತ್ತಾ?" ಎಂದರು. ಇಲ್ಲ ಎಂದೆ.

ಜೊತೆಗಿದ್ದ ದೊಡ್ಡಮ್ಮ ಹೊರಗೆ ಬಂದಮೇಲೆ ಬಾಯಿ ಬಿಟ್ಟಳು. "ನಿಮ್ಮಪ್ಪನ್ಗೂ ಇದೇ ಇತ್ತು ಕಣವ್ವ. ಮಕ್ಳಿಗೂ ತೋರ್ಸು ಅಂದಿದ್ರು ಡಾಕ್ಟ್ರು. ಗೊತ್ತಾದ್ರೆ ನಿನ್ ಮದ್ವೆ ಆಗಾಕಿಲ್ಲ, ಯಾರ್ಗೂ ಹೇಳ್ಬ್ಯಾಡ ಅಂತ ನನ್ ಕೈಲಿ ಆಣೆ ಮಾಡಿಸ್ಕಂಡಿದ್ದ."

ಹೊಗೆಸೊಪ್ಪು ಬೇಯಿಸುವ ದಿನಗಳಲ್ಲಿ ಒಂದು ರಾತ್ರಿ ನೀನು ಬೆಂಕಿ ಆರದಂತೆ ಕಾಯಲು, ಸೊಪ್ಪು ಒಣಗಿಸುವ ಬ್ಯಾರನ್ ಮನೆಯ ಪಕ್ಕದ ಕೋಣೆಯಲ್ಲಿ ಮಲಗಿದವನು ಏಳಲಿಲ್ಲ. ಹೊಗೆ ಕುಡಿದು ಹೋದ ಎಂದಿತು ಊರು. ನಾವೂ ಅದನ್ನೇ ನಂಬಿದೆವು. ಬೆಂಕಿ ಕಾಯುವ ಕೆಲಸ ತಮ್ಮ ರಘುವಿನ ಪಾಲಿಗೆ ಬಂತು. ಉಸಿರು ಕಟ್ಟಿ ಕಟ್ಟಿ ಬರುವ ಅವನ ಗೊರಕೆ ಕೇಳಿ, "ಥೇಟ್ ಅಪ್ಪನೇ ಕಣ್ಲಾ ನೀನು" ಎಂದು ನಗುತ್ತಿದ್ದೆ.

ನನ್ನ ಮದುವೆಯೇನೋ ಆಯಿತು. ರಘು ಮಲಗುವ ಕಡೆ ಹೊಗೆ ನಿಲ್ಲಬಾರದೆಂದು ನಾನೇ ಹಟ ಹಿಡಿದು ಗೋಡೆ ಒಡೆಸಿ ಕಿಟಕಿ ಇಡಿಸಿದೆ. ಹೋದ ತಿಂಗಳು ಅವನು ಆ ಕಿಟಕಿಯ ಕೆಳಗೇ ತೀರಿಕೊಂಡ.

ಗಾಳಿ ಚೆನ್ನಾಗಿ ಬರುತ್ತಿತ್ತು, ಅಪ್ಪ.