ಅಣ್ಣನ ರಕ್ತದಲ್ಲಿ ಬಸಿರಿನ ಗುರುತು

ಮನೆಯಿಂದ, ಮಾರ್ಚ್ ೯, ಭಾನುವಾರ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಹಡಗಿನ ಊಟ ಮೈಗೆ ಹತ್ತಿತೇ? ನಿದ್ದೆ ಸರಿಯಾಗಿ ಬರುತ್ತಿದೆಯೇ? ನಾನು ಚೆನ್ನಾಗಿದ್ದೇನೆ. ಹೋದ ತಿಂಗಳು ಹೀಗೆ ಬರೆದಿದ್ದರೆ ಸುಳ್ಳಾಗುತ್ತಿತ್ತು. ಗಾಬರಿಯಾಗದೆ ಓದು.

ನನ್ನ ವೃಷಣದಲ್ಲಿ ಗಡ್ಡೆಯೊಂದು ಬೆಳೆದಿತ್ತು ಕಣೋ. ನೋವಿಲ್ಲ, ಬರೀ ಭಾರ. ನಿನ್ನತ್ತಿಗೆಯೇ ನನ್ನನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಬಸುರಿಯರ ರಕ್ತದಲ್ಲಿ ಕಾಣುವ ಪ್ರೋಟೀನೊಂದು ನನ್ನ ರಕ್ತದಲ್ಲಿ ಧಾರಾಳವಾಗಿ ಸಿಕ್ಕಿತು. ಕೆಲವು ಕ್ಯಾನ್ಸರ್ ಗಡ್ಡೆಗಳೂ ಅದನ್ನು ತಯಾರಿಸುತ್ತವಂತೆ. ನಿನ್ನತ್ತಿಗೆ ಮುಖ ಗಂಭೀರ ಮಾಡಿಕೊಂಡು, “ಎಷ್ಟನೇ ತಿಂಗಳು ಡಾಕ್ಟ್ರೇ?” ಎಂದಳು. ಡಾಕ್ಟರಮ್ಮ ನಕ್ಕರು, ನಾನೂ ನಕ್ಕೆ. ಹೊರಗೆ ಬೆಂಚಿನ ಮೇಲೆ ಕೂತ ಮೇಲೆ ಅವಳು ಬಿಕ್ಕಿಬಿಕ್ಕಿ ಅತ್ತಳು.

ಆಪರೇಷನ್ ಆಯಿತು. ಗಡ್ಡೆ ಪೂರ್ತಿ ಹೋಗಿದ್ದರೆ ಆ ಪ್ರೋಟೀನು ಇಳಿಯುತ್ತಾ ಇಳಿಯುತ್ತಾ ಮಾಯವಾಗಬೇಕು. ಅದಕ್ಕೇ ವಾರವಾರವೂ ರಕ್ತ ಕೊಟ್ಟೆ. ಒಮ್ಮೆ ಲ್ಯಾಬಿನ ಹೆಂಗಸು, “ಬನ್ನಿ, ನಿಮ್ದೇ ನೋಡಿ” ಎಂದು ಗರಗರ ತಿರುಗುವ ಯಂತ್ರದಿಂದ ಕೊಳವೆ ತೆಗೆದು ತೋರಿಸಿದರು. ಕೆಂಪೆಲ್ಲ ತಳಕ್ಕಿಳಿದು ಮೇಲೆ ತಿಳಿಜೇನಿನ ಬಣ್ಣದ ನೀರು. ಬಿಸಿಲಿಗೆ ಹಿಡಿದರೂ ಏನೂ ಕಾಣಲಿಲ್ಲ; ನನ್ನ ಹಣೆಬರಹ ಮಾತ್ರ ಅದರೊಳಗೇ ಇತ್ತು. ಅಂದಿನಿಂದ ಎಚ್ಚರವೂ ಕನಸಿನ ಹಾಗೇ ಆಯಿತು. ಮಧ್ಯಾಹ್ನ ಕಣ್ಣು ಮುಚ್ಚಿದರೆ ಆ ಜೇನುಬಣ್ಣದ ನೀರಲ್ಲಿ ಅಂಗಾತ ತೇಲುತ್ತಿದ್ದೆ, ಹೊಟ್ಟೆಯ ಮೇಲೆ ಕೈಯಿಟ್ಟು, ಯಾರನ್ನೋ ಕಾಯುತ್ತಾ. ತೀರಿಹೋದ ಅಮ್ಮ ದಡದಲ್ಲಿ ನಿಂತು, ನಮ್ಮನ್ನು ಊಟಕ್ಕೆ ಕರೆಯುತ್ತಿದ್ದ ಅದೇ ದನಿಯಲ್ಲಿ, “ಸಾಕು, ಮೇಲೆ ಬನ್ರೋ” ಎನ್ನುತ್ತಿದ್ದಳು.

ನಡುವೆ ಒಂದು ವಾರ ಸಂಖ್ಯೆ ಇಳಿಯದೆ ನಿಂತುಬಿಟ್ಟಿತು. ಆ ವಾರ ನಿನ್ನತ್ತಿಗೆ ಮನೆಯ ಕಿಟಕಿಗಳನ್ನೆಲ್ಲ ಒರೆಸಿದಳು, ಒರೆಸಿದ್ದನ್ನೇ ಮತ್ತೆ ಒರೆಸಿದಳು. ಮೊನ್ನೆ ನೋಡಿದರೆ ಎಲ್ಲ ಗಂಡಸರಿಗಿರುವಷ್ಟೇ, ಇಲ್ಲವೆನ್ನುವಷ್ಟು ಕಡಿಮೆ! “ಇನ್ನೂ ಕೆಲವು ವರ್ಷ ಬರ್ತಾ ಇರ್ಬೇಕು” ಎಂದರು ಡಾಕ್ಟರಮ್ಮ. ನಾವು ಬಸ್ಸು ಹತ್ತಲಿಲ್ಲ. ಸಂಜೆಬೆಳಕಿನಲ್ಲಿ ನಡೆದೇ ಬಂದೆವು, ನಮ್ಮ ಮನೆಯನ್ನು ದಾಟಿ ಮುಂದಿನ ಬೀದಿಯವರೆಗೂ ಹೋಗಿಬಿಟ್ಟಿದ್ದೆವು.

ಬಿಸಿಲಲ್ಲಿ ಟೋಪಿ ಹಾಕಿಕೋ. ಅತ್ತಿಗೆಯ ಬೈಗುಳವೂ ನನ್ನ ಹಾರೈಕೆಯೂ ಸದಾ ನಿನ್ನ ಬೆನ್ನಿಗಿವೆ.

ನಿನ್ನ
ಅಣ್ಣ

ಮರೆತಿದ್ದೆ. ಇಲ್ಲ, ಮರೆತಿರಲಿಲ್ಲ, ಬರೆಯಲು ಕೈ ಬರಲಿಲ್ಲ. ಈ ಗಡ್ಡೆ ಅಣ್ಣನಿಗೆ ಬಂದರೆ ತಮ್ಮನಿಗೂ ಬರುವ ಸಂಭವ ಕೊಂಚ ಹೆಚ್ಚಂತೆ. ಹೋದ ಸಲ ಬಂದಾಗ ನೀನು ಕೂರುವಾಗೆಲ್ಲ ಮುಖ ಕಿವುಚುತ್ತಿದ್ದೆ. ಕೇಳಿದರೆ “ಏನಿಲ್ಲ ಬಿಡೋ ಅಣ್ಣ” ಅಂದೆ. ಬಂದರು ಸೇರಿದ ದಿನವೇ ಡಾಕ್ಟರಿಗೆ ತೋರಿಸು. ನಾಚಿಕೆಯಾದರೆ ಒಂದು ಮಾತು ಹೇಳು, ಎಲ್ಲಿದ್ದರೂ ಬಂದು ಬಾಗಿಲ ಹೊರಗೆ ಕೂತಿರುತ್ತೇನೆ.