ಏಳೂ ಹತ್ತರ ಶ್ರದ್ಧಾಂಜಲಿ

ಜನವರಿ 11, ಶನಿವಾರ. ಬೆಳಿಗ್ಗೆ 7.30

ಅಕ್ಕು, ಹೇಗಿದ್ದಿ? ಭಾವನ ಮಂಡಿನೋವು ಎಣ್ಣೆ ತಿಕ್ಕಿ ಇಳಿಯಿತಾ? ಮೊಮ್ಮಗಳು ಸಾಕ್ಷಿಯ ಕೆಮ್ಮು? ಪುಟ್ಟ ಚಿನ್ಮಯ ಈಗಲಾದರೂ ತಿಂಡಿ ಸರಿಯಾಗಿ ತಿಂತಾನಾ?

ಕಡಬಕ್ಕೆ ನಿನಗೆ ಕಾಗದ ಹಾಕುವ ಮೊದಲು ಹೀಗೆ ಡೈರಿಯಲ್ಲಿ ಗೀಚಿ ನೋಡುದು ನನ್ನ ಚಾಳಿ, ನಿನಗೆ ಗೊತ್ತುಂಟಲ್ಲ. ಗಂಟೆ ಬರೆಯುದೂ ಹಾಗೇ. ಪುತ್ತೂರಿನ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದಾಗ ಹತ್ತಿದ್ದು. ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಕನ್ನಡ ಕಲಿಸಿದ್ದೇ ಆ ಸೀಸದ ಮೊಳೆಗಳು. ಈಗ ಸುಳ್ಯದಲ್ಲಿ ಅಣ್ಣನ ಮಗ ಮಹೇಶ್ವರನ ಫ್ಲೆಕ್ಸ್ ಅಂಗಡಿ. ಸ್ವಾಗತ, ಅಭಿನಂದನೆ, ಶ್ರದ್ಧಾಂಜಲಿ — ವಾಕ್ಯ ನನ್ನದು, ಪ್ರಿಂಟು ಅವನದು.

ಇವತ್ತು ಏಳೂ ಹತ್ತಕ್ಕೇ ಕೌಶಲ್ ಫೋನು. ಬೆಂಗಳೂರಿಗೆ ಓಡಾಡಿ ಕಲ್ಲುಕೋರೆಯವರ ಫೈಲು ಮೇಜಿಂದ ಮೇಜಿಗೆ ದಾಟಿಸುವವ. ಪೇಪರಿನವರು ಲಾಬಿ ಅಂತಾರೆ.

"ದೇವಕಿಯಮ್ಮ, ಉದಯಶಂಕರಣ್ಣ ಹೋದ್ರು. ಹಾರ್ಟು. ಒಂದು ಶ್ರದ್ಧಾಂಜಲಿ ರೆಡಿ ಮಾಡಿ ಇಡಿ. ನಾನು ಹೇಳದೆ ಪ್ರಿಂಟ್ ಬೇಡ."

ಜಿಲ್ಲಾ ಪಂಚಾಯತಿನ ಮಾಜಿ ಮೆಂಬರು, ಗಟ್ಟಿ ಮನುಷ್ಯ. ಅರುವತ್ತು ಸಹ ಆಗಿರಲಿಲ್ಲ.

"ನಿಧನದ ತಾರೀಕು ಯಾವುದು ಹಾಕುದು?"

"ಇವತ್ತಿಂದು… ಅಲ್ಲ, ನಿನ್ನೆದ್ದು. ಹತ್ತು ಅಂತ ಹಾಕಿ. ನಮ್ಮ ಲೀಡರ್ ಫೋಟೋ ಸ್ವಲ್ಪ ದೊಡ್ಡ ಇರ್ಲಿ."

"ಸತ್ತದ್ದು ಯಾರು ಅಂತ ಜನಕ್ಕೆ ಗೊತ್ತಾಗುದು ಬೇಡವಾ ಮಾರಾಯ?"

ನಗಾಡಿದ.

ಜಾಲ್ಸೂರು ಜಂಕ್ಷನಿನಲ್ಲಿ ಯಾರ ಫ್ಲೆಕ್ಸು ಮೊದಲು ಏಳ್ತದೋ, ದುಃಖ ಆ ಪಾರ್ಟಿದ್ದು. ಹೋದ ವರ್ಷ ಎದುರು ಪಾರ್ಟಿಯವರದ್ದು ಮೊದಲು ಎದ್ದು ಇವನಿಗೆ ಮೇಲಿಂದ ಬೈಗಳು ಸಿಕ್ಕಿತ್ತು. ಅದಕ್ಕೇ ಅವಸರ.

7.25ಕ್ಕೆ ಕರೆಂಟು ಹೋಯಿತು. ಇಷ್ಟು ಬರೆಯಲು ಪುರುಸೊತ್ತಾದದ್ದು ಅದರಿಂದ.

ಅದೇ ದಿನ, 11.45

ಹಾರ್ಟು ಅಲ್ಲ. ಅರಂತೋಡಿನ ಹತ್ತಿರ ಹೊಳೆಯಲ್ಲಿ ಹೆಣ. ತಲೆಯ ಹಿಂದೆ ಪೆಟ್ಟು. ಬಲೆ ಹಾಕಲು ಹೋದ ಆದಂ ಕುಂಞಿಗೆ ಕಂಡದ್ದಂತೆ, ಹತ್ತೂವರೆಗೆ. ಮೀಟಿಂಗಿಗೆ ಹೋದವರು ಮಂಗಳೂರಿನಲ್ಲೇ ಉಳಿದಿರಬೇಕು ಅಂತ ಮನೆಯವರು ಸುಮ್ಮನಿದ್ದರು.

10.50ಕ್ಕೆ ಕೌಶಲ್ — "ಪ್ರಿಂಟ್ ಮಾಡಿ."

ಮನೆಯವರಿಗೇ ಗೊತ್ತಿರಲಿಲ್ಲ. ಹಾಗಾದರೆ ಏಳೂ ಹತ್ತಕ್ಕೆ…

ಈ ಕಾಗದ ನಕಲು ಮಾಡುವುದಿಲ್ಲ ಅಕ್ಕು. ಇಲ್ಲೇ ಇರಲಿ.

ಜನವರಿ 12, ಭಾನುವಾರ

ಬೋಜನನ್ನು ಹಿಡಿದರು. ಉದಯಶಂಕರಣ್ಣನ ಡ್ರೈವರ್. ಹದಿನಾರು ವರ್ಷ ಅವರ ಜೀಪು ಓಡಿಸಿದವ, ನನ್ನನ್ನು ಎರಡು ಸಲ ಆಸ್ಪತ್ರೆಗೆ ಕೊಂಡುಹೋದವ.

ಶುಕ್ರವಾರ ರಾತ್ರಿ ಎಂಟಕ್ಕೆ ಅವರನ್ನು ಅಜ್ಜಾವರದಲ್ಲಿ ಕೌಶಲನ ಮನೆಗೆ ಬಿಟ್ಟೆ, ನೀನು ಹೋಗು ಅಂದರು — ಬೋಜ ಹೇಳುದು ಇಷ್ಟೇ. ಅವರು ಬರಲೇ ಇಲ್ಲ, ನಾನು ಪುತ್ತೂರಿನಲ್ಲಿದ್ದೆ, ಸತ್ತದ್ದು ತಿಳಿದದ್ದೇ ಹೆಣ ಸಿಕ್ಕಿದ ಮೇಲೆ — ಇದು ಕೌಶಲ್ ಹೇಳುದು. ಪೇಪರಿನಲ್ಲಿ ಬಂದಿದೆ, ಫೋಟೋ ಸಮೇತ.

ನಾಳೆ ಕೋರೆಯ ಬಗ್ಗೆ ಜನರ ಸಭೆ ಇತ್ತು. ಉದಯಶಂಕರಣ್ಣ ಎದ್ದು ನಿಂತು ಕೋರೆ ಬೇಡ ಅನ್ನುವವರಿದ್ದರು. ಮುಂದಕ್ಕೆ ಹಾಕಿದರಂತೆ.

ಜನವರಿ 14, ಮಂಗಳವಾರ. ಸಂಜೆ 5

ಕೌಶಲ್ ಅಂಗಡಿಗೆ ಬಂದ. ಹಲ್ವದ ಪೆಟ್ಟಿಗೆ.

"ಸಂಕ್ರಾಂತಿ ಅಲ್ವಾ ದೇವಕಿಯಮ್ಮ. ಶನಿವಾರ ನಾನು ಎಷ್ಟೊತ್ತಿಗೆ ಫೋನ್ ಮಾಡಿದ್ದು, ನೆನಪುಂಟಾ?"

"ಮುದುಕಿಗೆ ಎಂತ ನೆನಪು."

"ಒಳ್ಳೇದು. ನೆನಪು ಜಾಸ್ತಿ ಆದ್ರೆ ಬೀಪಿ ಏರ್ತದೆ." ಮಹೇಶ್ವರನ ಹೆಗಲಿಗೆ ತಟ್ಟಿ ಹೋದ.

ಕಂಪ್ಯೂಟರಿನಲ್ಲಿ ಆ ಡಿಸೈನು ಹುಡುಕಿದೆ, ಮಾಡಿದ ಗಂಟೆ ಅದರಲ್ಲಿರ್ತದೆ. ಇಲ್ಲ. ಮಹೇಶ್ವರ ಅಳಿಸಿದ್ದಾನೆ. ಮುಖ ನೋಡದೆ ಹೇಳಿದ, "ಅಂಗಡಿ ಅವನ ಬಿಲ್ಡಿಂಗಿನಲ್ಲುಂಟು ಅತ್ತೆ. ನಿಮ್ಮ ಆ ಡೈರಿಯನ್ನೂ ಒಲೆಗೆ ಹಾಕಿ."

ಹಲ್ವ ಯಾರೂ ಮುಟ್ಟಲಿಲ್ಲ. ಇರುವೆ ಮುತ್ತಿತು.

ಜನವರಿ 17, ಶುಕ್ರವಾರ

ಎರಡು ದಿನ ಬರೆಯಲಿಲ್ಲ. ಹೆದರಿಕೆ. ಡೈರಿ ಅಕ್ಕಿ ಡಬ್ಬದಲ್ಲಿತ್ತು.

ಇವತ್ತು ಬೋಜನ ಹೆಂಡತಿ ತೃಪ್ತಿ ಬಂದಳು. ವಕೀಲರಿಗೆ ಕೊಡಲು ಗಂಡನ ಲೈಸೆನ್ಸಿನ ಜೆರಾಕ್ಸು. ಮಹೇಶ್ವರ ತೆಗೆದುಕೊಟ್ಟು ಒಳಗೆ ಹೋದ.

"ದೇವಕಿಯಕ್ಕ, ಇವರು ಒಪ್ಪಿಕೊಂಡ್ರೆ ಬೇಗ ಮುಗೀತದೆ ಅಂತ ಪೋಲೀಸರು ಹೇಳ್ತಾರಂತೆ ಒಳಗೆ. ಇವರಿಗೆ ಸಾಕಾಗಿದೆ. ಸೋಮವಾರ ಒಪ್ಪಿಕೊಳ್ತೇನೆ ಅಂತಿದ್ದಾರೆ."

"ಮಾಡದ್ದನ್ನಾ?"

"ಮಾಡ್ಲಿಲ್ಲ ಅಂತ ಹೇಳುವವರು ಬೇರೆ ಯಾರಿದ್ದಾರೆ?"

ಜೆರಾಕ್ಸು ಮಡಚಿ ರವಿಕೆಯೊಳಗೆ ಸೇರಿಸಿ ಹೋದಳು.

ಅಕ್ಕು, ನಾನು ಅಕ್ಕಿ ಡಬ್ಬದ ಎದುರು ಕೂತೆ.

ಜನವರಿ 18, ಶನಿವಾರ. ರಾತ್ರಿ 8

ಸ್ಟೇಷನ್ನಿಗೆ ಹೋಗಿ ಬಂದೆ. ಒಬ್ಬಳೇ. ಎಸ್‌ಐ ಸಣ್ಣ ಪ್ರಾಯದವರು. ಆ ಪುಟ ಮೂರು ಸಲ ಓದಿದರು.

"ಅಜ್ಜಿ, ಇದನ್ನು ಆಮೇಲೆ ಬರೆದದ್ದಲ್ಲ ಅಂತ ಹೇಗೆ ನಂಬುದು?"

"ಏಳೂ ಇಪ್ಪತ್ತೈದಕ್ಕೆ ಕರೆಂಟು ಹೋದದ್ದು ಬರೆದಿದ್ದೇನೆ. ಲೈನ್‌ಮ್ಯಾನನ ಹತ್ರ ಕೇಳಿ. ಏಳೂ ಹತ್ತಕ್ಕೆ ಫೋನು ಬಂದದ್ದು ಕಂಪೆನಿಯವರ ಹತ್ರ ಕೇಳಿ. ಎಂತ ಮಾತಾಡಿದ್ದು ಅಂತ ಅವನ ಹತ್ರ ಕೇಳಿ. ಬೆಳಿಗ್ಗೆ ಏಳಕ್ಕೆ ನನ್ನ ಸೌಖ್ಯ ಕೇಳುವ ಜನ ಅಲ್ಲ ಅವ."

ನಗಲಿಲ್ಲ. ಪುಟದ ಫೋಟೋ ತೆಗೆದುಕೊಂಡರು. "ವಿಚಾರಿಸ್ತೇನೆ. ನಿಜ ಆದ್ರೆ ಡೈರಿಯೇ ಬೇಕಾಗ್ತದೆ."

ಮನೆಗೆ ಬಂದರೆ ನನ್ನ ಟ್ರಂಕು ಜಗಲಿಯಲ್ಲಿತ್ತು. ಮಹೇಶ್ವರ ಬಾಗಿಲ ಹತ್ತಿರ ಬರಲಿಲ್ಲ.

ಜಾಲ್ಸೂರಿನಿಂದ ಬರೆಯುತ್ತಿದ್ದೇನೆ. ತೃಪ್ತಿಯ ಮನೆ.

ಜನವರಿ 20, ಸೋಮವಾರ. ಬೆಳಿಗ್ಗೆ 9.20

ಅಂಗಳದಲ್ಲಿ ಪೋಲೀಸು ಜೀಪು. ಕರೆಂಟು, ಫೋನು ಎರಡೂ ಸರಿ ಬಂತಂತೆ. ಕೌಶಲನನ್ನು ಬೆಳಿಗ್ಗೆ ಕರಕೊಂಡು ಹೋದರು. ಬೋಜ ಇನ್ನೂ ಒಳಗೇ, ಆದರೆ ಒಪ್ಪಿಕೊಂಡಿಲ್ಲ. ತೃಪ್ತಿ ವಕೀಲರ ಹತ್ರ ಹೇಳಿ ಕಳಿಸಿದ್ದಾಳೆ — ಬಾಯಿ ಮುಚ್ಚಿ ಕೂತುಕೊಳ್ಳಿ ಅಂತ.

ಎಸ್‌ಐ ಡೈರಿ ಕೊಡಿ ಅಂದರು. ಐದು ನಿಮಿಷ ಕೇಳಿದೆ. ಮಹೇಶ್ವರನ ಹೆಂಡತಿಯ ಸಾರಿಗೆ ಉಪ್ಪಿರುವುದಿಲ್ಲ ಅಂತ ಹಿಂದೆ ಬರೆದದ್ದುಂಟು. ಕೋರ್ಟಿನವರು ಅದನ್ನೂ ಓದುದು. ಭಾವನ ಮಂಡಿಯನ್ನೂ.

ಅಕ್ಕು, ಇನ್ನು ಗೀಚಲು ಪುಸ್ತಕ ಇಲ್ಲ. ನೀನೇ ಬೇಗ ಬರೆ. ಎಲ್ಲರ ಸೌಖ್ಯ ಬರೆ. ಅಂಗಡಿಯ ಅಡ್ರೆಸ್ಸಿಗೆ ಹಾಕಬೇಡ. ತೃಪ್ತಿ, ಬೋಜನ ಮನೆ, ಜಾಲ್ಸೂರು ಅಂಚೆ, ಪಿನ್ನು —